ಸಮುದ್ರಕ್ಕೊಂದು ಬೊಟ್ಟು

"ಲೇ ಮೌನಿ, ನಿಮ್ಮ ಸಮುದ್ರ ಕೆಂಪಗಾಗಿದೆ ಕಣೇ!"

ಸ್ಕೂಲಿನಿಂದ ಜೊತೆಗೆ ಬಂದ ಗೆಳತಿ ಸಿದ್ರಾ ಬಾಗಿಲಲ್ಲೇ ನಿಂತು ಕೂಗಿದಳು. ಮೌನಿಕ ಹೊರಗೆ ಮೆಟ್ಟಿಲ ಮೇಲೆ ಕೂತು ಶೂ ಲೇಸಿನ ಗಂಟಿನ ಜೊತೆ ಗುದ್ದಾಡುತ್ತಿದ್ದಳು.

"ಸುಮ್ನಿರೇ. ಏಪ್ರಿಲ್ ಫೂಲ್ ಮಾಡೋಕೆ ಇದೇನು ಏಪ್ರಿಲ್ಲಾ?"

"ಅಲ್ಲಾ ಕಸಮ್! ನೀನೇ ಬಂದು ನೋಡು."

ಮೌನಿಕ ಒಂದೇ ಶೂನಲ್ಲಿ ಕುಂಟುತ್ತ ಒಳಗೆ ಬಂದಳು. ಬಂದವಳು ಹಾಗೇ ನಿಂತುಬಿಟ್ಟಳು.

ಹಾಲ್‌ನ ಗೋಡೆ ಪಕ್ಕದ ದೊಡ್ಡ ಗಾಜಿನ ತೊಟ್ಟಿಯಲ್ಲಿ ಬೆಳಿಗ್ಗೆ ತಿಳಿಯಾಗಿದ್ದ ನೀರು ಈಗ ರೋಸ್ ಮಿಲ್ಕ್ ಬಣ್ಣಕ್ಕೆ ತಿರುಗಿತ್ತು. ಚೆಂಡುಹೂವಿನ ಎಸಳುಗಳು ಅಲೆಯ ಜೊತೆ ಸುತ್ತು ಹೊಡೆಯುತ್ತಿದ್ದವು. ಕುಂಕುಮ ಮೆತ್ತಿದ ನಿಂಬೆಹಣ್ಣಿನ ಹೋಳೊಂದು ದೋಣಿಯ ಹಾಗೆ ತೇಲುತ್ತಿತ್ತು. ಮನೆಯೆಲ್ಲ ಊದುಬತ್ತಿ ಘಮಘಮ.

ತೊಟ್ಟಿಯ ಮುಂದೆ ಅಜ್ಜಿ ಕೂತಿದ್ದಳು. ಹಬ್ಬಕ್ಕೆ ಉಡುವ ಹಸಿರು ಸೀರೆ ಉಟ್ಟಿದ್ದಳು. ಮುಖ ಹಣತೆಯ ಹಾಗೆ ಬೆಳಗುತ್ತಿತ್ತು.

"ಬಂದ್ಯಾ ತಲ್ಲಿ? ಕೈಕಾಲು ತೊಳ್ಕೊಂಡು ಬಾ. ನೋಡು, ಶುಕ್ರವಾರ ಅಂತ ಪೂಜೆ ಮುಗಿಸ್ಬಿಟ್ಟೆ. ಇನ್ನು ಮೀನು ಧಾರಾಳವಾಗಿ ಬರಲಿ."

ಅಜ್ಜಿ ದಿನವೂ ಹೀಗೇ ಕರೆಯುತ್ತಿದ್ದಳು. ತೆಲುಗಿನಲ್ಲಿ ತಲ್ಲಿ ಅಂದರೆ ತಾಯಿ. ಅಜ್ಜಿ ವೆಂಕಟರತ್ನಮ್ಮನವರ ಬಾಯಲ್ಲಿ ಮೊಮ್ಮಗಳೂ ತಲ್ಲಿ, ಎದುರುಮನೆ ಹಸುವೂ ತಲ್ಲಿ, ಹೊತ್ತಿಗೆ ಸರಿಯಾಗಿ ಬಂದರೆ ಗ್ಯಾಸ್ ಸಿಲಿಂಡರೂ ತಲ್ಲಿಯೇ.

ಆದರೆ ಇವತ್ತು ಮೌನಿಕಳಿಗೆ ಅದು ಕೇಳಿಸಲೇ ಇಲ್ಲ.

"ಅಜ್ಜೀ! ಏನ್ ಮಾಡ್ಬಿಟ್ಟೆ ನೀನು? ಎಲ್ಲಾ ಹಾಳಾಯ್ತು! ಭಾನುವಾರ ಮೀನು ಬರ್ಬೇಕಿತ್ತು!"

"ಅರಿಶಿನ ಕುಂಕುಮ ಹಾಕಿದ್ರೆ ಹಾಳಾಗುತ್ತೇನೇ? ಅರಿಶಿನ ಒಳ್ಳೇದು. ಕ್ರಿಮಿಗಿಮಿ ಇದ್ರೆ ಸಾಯುತ್ತೆ."

"ಅದೇ! ಆ ಕ್ರಿಮೀನೇ ಬೇಕಾಗಿತ್ತು! ನಿಂಗೇನೂ ಗೊತ್ತಾಗಲ್ಲ ಅಜ್ಜಿ. ಇನ್ಮೇಲೆ ನನ್ನ ಸಮುದ್ರನ ಮುಟ್ಟಬೇಡ. ಅದರ ಹತ್ರಾನೂ ಬರಬೇಡ!"

ಅಜ್ಜಿ ಮೊಣಕಾಲಿನ ಮೇಲೆ ಕೈಯೂರಿ ಮೆಲ್ಲಗೆ ಎದ್ದಳು. ಆರತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

"ಲೇ, ಅಜ್ಜಿಗೆ ಹಂಗಂತಾರೇನೇ?" ಎಂದು ಸಿದ್ರಾ ಪಿಸುಗುಟ್ಟಿದಳು. ಮೌನಿಕಳ ಕಣ್ಣಲ್ಲಿ ನೀರು ತುಂಬಿ ತೊಟ್ಟಿಯೂ ಕಾಣಿಸುತ್ತಿರಲಿಲ್ಲ.

ಮಾಲೂರಿಗೆ ಸಮುದ್ರ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕೇಳಲೇಬೇಕು. ಈ ಊರಿನಲ್ಲಿ ಇಟ್ಟಿಗೆ ಗೂಡು ಬೇಕೆಂದರೆ ಕಣ್ಣು ಹಾಯಿಸಿದ ಕಡೆ ಇವೆ. ರೈಲು ಬೇಕೆಂದರೆ ಬೆಳಗಿನಿಂದ ಕೂಗುತ್ತಲೇ ಇರುತ್ತದೆ. ಸಮುದ್ರ ಮಾತ್ರ ಯಾವ ದಿಕ್ಕಿಗೆ ಹೋದರೂ ಬಲು ದೂರ.

ಬೇಸಿಗೆ ರಜೆಯಲ್ಲಿ ಕಾರವಾರಕ್ಕೆ ಹೋಗಿ ಸಮುದ್ರ ನೋಡುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಎಲ್ಲರಿಗಿಂತ ಮೊದಲು ಗಂಟುಮೂಟೆ ಕಟ್ಟಿದವಳು ಅಜ್ಜಿ. ಮರಳಿನಲ್ಲಿ ನಡೆಯಲು ಹೊಸ ಹವಾಯಿ ಚಪ್ಪಲಿ ತರಿಸಿಕೊಂಡಳು. ಬಟ್ಟೆ ಚೀಲದೊಳಗೆ ಅರಿಶಿನದ್ದೊಂದು, ಕುಂಕುಮದ್ದೊಂದು ಪೊಟ್ಟಣ ಇಟ್ಟುಕೊಂಡಳು. "ಅಷ್ಟು ದೊಡ್ಡ ತಾಯಿನ ಬರಿಗೈಲಿ ನೋಡೋಕಾಗುತ್ತಾ?" ಎಂದಳು. ಅಜ್ಜಿಯೂ ಅಲ್ಲಿಯವರೆಗೆ ಸಮುದ್ರ ನೋಡಿರಲಿಲ್ಲ.

ಆದರೆ ನರಸಾಪುರದ ಫ್ಯಾಕ್ಟರಿಯಲ್ಲಿ ಅಪ್ಪನಿಗೆ ರಜೆ ಸಿಗಲಿಲ್ಲ. ಹೊರಡುವ ಹಿಂದಿನ ದಿನ ಕಂಪನಿ ಬಸ್ಸಿನಿಂದ ಇಳಿದು ಬಂದ ಅಪ್ಪನ ಮುಖ ನೋಡಿಯೇ ಎಲ್ಲರಿಗೂ ಗೊತ್ತಾಯಿತು. ಮೌನಿಕ ಹೊದ್ದು ಮಲಗಿಬಿಟ್ಟಳು.

"ಏಳು ಮೌನಿ. ನಾವು ಸಮುದ್ರಕ್ಕೆ ಹೋಗಕ್ಕಾಗ್ಲಿಲ್ಲ ಅಂದ್ರೆ ಸಮುದ್ರಾನೇ ಮನೆಗೆ ತರೋಣ," ಎಂದ ಅಪ್ಪ. ಅವನ ಹೆಸರು ಅಮರನಾಥ್. ಮಾತು ಕೊಟ್ಟ ಮೇಲೆ ತಪ್ಪುವವನಲ್ಲ, ಸ್ವಲ್ಪ ತಡ ಮಾಡುತ್ತಾನೆ ಅಷ್ಟೆ.

ಮಳೆಗಾಲ ಬರುವ ಹೊತ್ತಿಗೆ ತೊಟ್ಟಿ ಬಂತು. ಅದನ್ನು ಮಾಡಿಕೊಟ್ಟವರು ಸಿದ್ರಾಳ ಅಬ್ಬಾ ಅಬ್ದುಲ್ ರಜಾಕ್. ಬಸ್ ಸ್ಟ್ಯಾಂಡ್ ಹತ್ತಿರ ಅವರದ್ದು ಕನ್ನಡಿ, ಫೋಟೋ ಫ್ರೇಮುಗಳ ಅಂಗಡಿ. "ಒಂದು ಹನಿ ಲೀಕ್ ಆದ್ರೆ ನನ್ನ ಅಂಗಡಿ ಬೋರ್ಡೇ ಇಳಿಸ್ತೀನಿ ಅಮರಣ್ಣ," ಎಂದಿದ್ದರು. ಬೋರ್ಡು ಇನ್ನೂ ಅಲ್ಲೇ ಇದೆ.

ಬೋರ್‌ವೆಲ್ ನೀರು ಗಡಸು, ಮೀನಿಗೆ ಆಗದು. ಅದಕ್ಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್‌ಗಟ್ಟಲೆ ನೀರು ಹೊತ್ತು ತಂದರು. ಬೆಂಗಳೂರಿನಿಂದ ಸಮುದ್ರದ ಉಪ್ಪು, ಬಿಳಿ ಮರಳು, ತೂತು ತೂತಾದ ಕಲ್ಲುಗಳು ರೈಲಿನಲ್ಲಿ ಬಂದವು. ಅಲೆ ಎಬ್ಬಿಸುವ ಪುಟ್ಟ ಮೋಟಾರೂ ಬಂತು.

"ಮೀನು?" ಎಂದಳು ಮೌನಿಕ.

"ಈಗಲೇ ಬಿಟ್ರೆ ಬದುಕಲ್ಲ. ಮೊದಲು ನೀರು ಹದ ಆಗ್ಬೇಕು. ಈ ಕಲ್ಲೊಳಗೆ ಕಣ್ಣಿಗೆ ಕಾಣ್ದೇ ಇರೋ ಜೀವ ಇರ್ತಾವೆ. ಅವು ಬೆಳೀಬೇಕು. ಮೀನಿನ ಗಲೀಜೆಲ್ಲಾ ಅವೇ ತಿಂದು ಕ್ಲೀನ್ ಮಾಡೋದು."

"ಹಾಲಿಗೆ ಹೆಪ್ಪು ಹಾಕಿದ ಹಾಗೆ," ಎಂದಳು ಅಜ್ಜಿ. "ಹಾಕಿದ ಮೇಲೆ ಅಲ್ಲಾಡಿಸಬಾರದು. ಕಾಯ್ಬೇಕು."

ಕಾದರು. ವಾರಗಟ್ಟಲೆ ಕಾದರು. ಅದು ಎಷ್ಟು ಚೆನ್ನಾಗಿತ್ತೆಂದರೆ, ಮೀನಿಲ್ಲ ಎನ್ನುವುದೇ ಒಮ್ಮೊಮ್ಮೆ ಮರೆತುಹೋಗುತ್ತಿತ್ತು. ಸಂಜೆ ಹೊತ್ತು ಅಜ್ಜಿ ಮತ್ತು ಮೌನಿಕ ಹಾಲ್‌ನ ಲೈಟ್ ಆರಿಸಿ ಚಾಪೆಯ ಮೇಲೆ ಮಲಗುತ್ತಿದ್ದರು. ತೊಟ್ಟಿಯ ನೀಲಿ ದೀಪವೊಂದೇ ಉರಿಯುತ್ತಿತ್ತು. ಅಲೆಯ ನೆರಳು ಗೋಡೆ ಹತ್ತಿ, ಸೂರಿನ ಮೇಲೆ ಹರಿದು, ಕ್ಯಾಲೆಂಡರನ್ನೂ ಗಡಿಯಾರವನ್ನೂ ನೆನೆಸದೆ ದಾಟಿಹೋಗುತ್ತಿತ್ತು. ದೂರದಲ್ಲಿ ರೈಲು ಕೂಗಿದರೆ ಮೌನಿಕಳಿಗೆ ಹಡಗು ಕೂಗಿದಂತೆ ಕೇಳಿಸುತ್ತಿತ್ತು.

"ಅಜ್ಜಿ, ನಾವೀಗ ನೀರೊಳಗೆ ಇದೀವಿ."

"ಹೌದಾ? ಮತ್ತೆ ಉಸಿರು ಹೆಂಗೆ ಆಡೋದು?"

"ಮೀನಿನ ಥರ."

ಅಜ್ಜಿ ಕೆನ್ನೆ ಉಬ್ಬಿಸಿ ಬಾಯಿ ಪಕಪಕ ಮಾಡುತ್ತಿದ್ದಳು. ಮೌನಿಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹಾಗೆ ನಗುತ್ತ, ಅಲೆ ನೋಡುತ್ತ ಎಷ್ಟೋ ದಿನ ಅಲ್ಲೇ ನಿದ್ದೆ ಹೋಗಿದ್ದಳು.

ಅಂಥ ಸಮುದ್ರಕ್ಕೆ ಈಗ ಕುಂಕುಮ ಬಿದ್ದಿತ್ತು.

ಅಪ್ಪ ಬಂದು ನೋಡಿ ತಲೆ ಕೆರೆದುಕೊಂಡ. ಅಜ್ಜಿಯನ್ನು ಬಯ್ಯಲಿಲ್ಲ. "ನಾನಾದ್ರೂ ಅಮ್ಮನಿಗೆ ಹೇಳ್ಬೇಕಿತ್ತು," ಎಂದಷ್ಟೇ ಹೇಳಿದ. "ಬಣ್ಣ ಕಲ್ಲಿನೊಳಗೂ ಇಳಿದುಬಿಟ್ಟಿದೆ. ಒಳಗಿನ ಜೀವ ಉಳ್ಕೊಂಡಿದ್ಯೋ ಇಲ್ವೋ ಗೊತ್ತಿಲ್ಲ. ಎಲ್ಲಾ ಖಾಲಿ ಮಾಡಿ ಹೊಸದಾಗೇ ಶುರು ಮಾಡೋಣ."

ಬಕೆಟ್ ಮೇಲೆ ಬಕೆಟ್ ನೀರು ಚರಂಡಿಗೆ ಹೋಯಿತು. ಉಪ್ಪುನೀರು, ಗಿಡಕ್ಕೂ ಹಾಕುವಂತಿರಲಿಲ್ಲ. ಪಕ್ಕದ ಮನೆ ಅಂಜಮ್ಮ ಗೇಟಿನ ಮೇಲೆ ಗಲ್ಲ ಊರಿ, "ಏನಮ್ಮಾ ಸುನಂದ, ಈ ಪಾಟಿ ಶರಬತ್ತು ಚೆಲ್ತಾ ಇದೀರ!" ಎಂದು ಮೌನಿಕಳ ಅಮ್ಮನನ್ನು ಕೇಳಿದಳು. ಅಮ್ಮ ನಕ್ಕಳು. ಅಜ್ಜಿ ಮಾತ್ರ ಹಿತ್ತಲ ಬಾಗಿಲಲ್ಲಿ ನಿಂತು ಒಂದೊಂದು ಬಕೆಟ್ಟನ್ನೂ ನೋಡುತ್ತಿದ್ದಳು.

ಮತ್ತೆ ನೀರು, ಮತ್ತೆ ಉಪ್ಪು. ಉಜ್ಜಿ ತೊಳೆದ ಕಲ್ಲುಗಳ ಜೊತೆಗೆ ಅಪ್ಪ ಬೆಂಗಳೂರಿನಿಂದ ಹೊಸ ಕಲ್ಲೊಂದನ್ನು ಹೆಪ್ಪಿಗೆಂದು ತಂದಿಟ್ಟ. ಮತ್ತೆ ಕಾಯುವುದು ಶುರುವಾಯಿತು. ಸಂಜೆ ನೀಲಿ ದೀಪ ಹಚ್ಚಿ ಮೌನಿಕ ಚಾಪೆ ಹಾಸಿದಳು.

ಅಜ್ಜಿ ಬರಲಿಲ್ಲ.

ಹಾಲ್‌ನಲ್ಲಿ ತೊಟ್ಟಿಯ ಎದುರು ಇರುತ್ತಿದ್ದ ಅಜ್ಜಿಯ ಕುರ್ಚಿ ಈಗ ಅಡುಗೆಮನೆಯ ಆಚೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕೆ ಹೋಗಿತ್ತು. ಅಜ್ಜಿ ಅಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದಳು, ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದಳು. ಹಾಲ್ ದಾಟಿ ಹೋಗಬೇಕಾದರೆ ಎದುರು ಗೋಡೆಗೆ ಒತ್ತಿಕೊಂಡು, ಸೆರಗು ಬಿಗಿಯಾಗಿ ಹಿಡಿದುಕೊಂಡು ಹೋಗುತ್ತಿದ್ದಳು. ಸೆರಗು ತಾಕಿದರೂ ಏನಾದರೂ ಆಗಿಬಿಡುತ್ತದೆ ಎಂಬ ಹಾಗೆ.

ಮೌನಿಕ ಸ್ಕೂಲಿನಿಂದ ಬಂದರೆ, "ಮೌನಿಕಾ, ತಿಂಡಿ ಡಬ್ಬೀಲಿದೆ," ಎನ್ನುತ್ತಿದ್ದಳು. ಅಷ್ಟೇ. ಮೌನಿಕಾ! ಅಜ್ಜಿ ಅದುವರೆಗೆ ಅವಳನ್ನು ಪೂರ್ತಿ ಹೆಸರು ಹಿಡಿದು ಕರೆದದ್ದೇ ಇರಲಿಲ್ಲ. ಮೌನಿಕ ಡಬ್ಬಿ ತೆರೆಯದೆ ಹಾಗೇ ಇಡುತ್ತಿದ್ದಳು.

ಸೂರಿನ ಮೇಲೆ ಅಲೆ ಹರಿಯುತ್ತಿತ್ತು. ರೈಲು ಕೂಗುತ್ತಿತ್ತು. ಆದರೆ ಅದು ರೈಲಾಗಿಯೇ ಕೇಳಿಸುತ್ತಿತ್ತು.

"ಸಾರಿ ಕೇಳ್ಬಿಡು," ಎಂದಳು ಸಿದ್ರಾ, ಸ್ಕೂಲಿನ ಬೇವಿನ ಮರದ ಕೆಳಗೆ.

"ಯಾಕೆ? ನಾನೇನು ಸುಳ್ಳು ಹೇಳಿದ್ನಾ? ಕುಂಕುಮ ಹಾಕಿದ್ದು ಅಜ್ಜಿ ತಾನೆ?"

"ಹೌದು."

"ಮತ್ತೆ?"

"ಮತ್ತೆ ಯಾಕೆ ನೀನು ಮೂಗು ಸೊರಸೊರ ಅನ್ನಿಸ್ತಾ ಇದೀಯ?"

ಮೌನಿಕ ಮುಖ ತಿರುಗಿಸಿಕೊಂಡಳು. ತನ್ನದು ಸರಿ ಎಂದು ಗೊತ್ತಿದ್ದರೂ ಅಳು ಯಾಕೆ ಬರುತ್ತದೆ ಎಂದು ಅವಳಿಗೆ ತಿಳಿಯಲಿಲ್ಲ.

ಆ ವರ್ಷ ಮಳೆ ಬಿಟ್ಟೂ ಬಿಡದೆ ಹುಯ್ಯಿತು. ಒಂದು ದಿನ ಅಜ್ಜಿಯ ತವರು ಹೋಳೂರಿನಿಂದ ಫೋನ್ ಬಂತು. ಮಾಡಿದವರು ಅಜ್ಜಿಯ ತಮ್ಮ ಮುನಿಶಾಮಿ ತಾತ. ಫೋನ್ ಇಲ್ಲದಿದ್ದರೂ ಮಾಲೂರಿಗೆ ಕೇಳಿಸುವಷ್ಟು ಜೋರಾಗಿ ಕೂಗಿದರು.

"ಅಕ್ಕಾ! ಕೆರೆ ಕೋಡಿ ಬಿದ್ದೈತೆ! ಬಾ ಅಕ್ಕಾ!"

ಕೆರೆ ತುಂಬಿ, ಕಟ್ಟೆಯ ಪಕ್ಕದ ಕಲ್ಲು ಹಾಸಿನ ಮೇಲಿಂದ ನೀರು ಹೊರಗೆ ಹರಿಯುವುದಕ್ಕೆ ಕೋಡಿ ಬೀಳುವುದು ಎನ್ನುತ್ತಾರೆ. ಕೋಲಾರದ ಕಡೆಯವರಿಗೆ ಅದಕ್ಕಿಂತ ದೊಡ್ಡ ಸುದ್ದಿ ಇಲ್ಲ. ಭಾನುವಾರ ಅಪ್ಪ, ಅಮ್ಮ, ಅಜ್ಜಿ, ಮೌನಿಕ ಎಲ್ಲರೂ ಬಸ್ ಹತ್ತಿದರು. ಅಜ್ಜಿ ಹಸಿರು ಸೀರೆ ಉಟ್ಟು, ತೊಡೆಯ ಮೇಲೆ ಬಟ್ಟೆ ಚೀಲ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದಳು.

ಕೆರೆಯ ಕಟ್ಟೆ ಹತ್ತಿದಾಗ ಮೌನಿಕ ಉಸಿರಾಡುವುದನ್ನೇ ಮರೆತಳು. ಎಲ್ಲಿ ನೋಡಿದರೂ ನೀರು. ಆಕಾಶವೆಲ್ಲ ನೀರಿನೊಳಗಿತ್ತು. ಮುಳುಗಿದ ಜಾಲಿ ಮರಗಳ ತುದಿಗಳಲ್ಲಿ ಬೆಳ್ಳಕ್ಕಿಗಳು ಕೂತಿದ್ದವು. ಗಾಳಿ ಬೀಸಿದಾಗ ದೂರದಿಂದ ಅಲೆಗಳು ಸಾಲಾಗಿ ಬಂದು ಕಟ್ಟೆಯ ಕಲ್ಲುಗಳನ್ನು ಮುಟ್ಟಿ ಮುಟ್ಟಿ ಹೋಗುತ್ತಿದ್ದವು. ಆಚೆ ದಡದಲ್ಲಿ ಒಂದು ಊರಿದೆ ಎಂದು ತಾತ ಹೇಳಿದರು. ಮೌನಿಕಳಿಗೆ ಕಾಣಲಿಲ್ಲ. ಅವಳಿಗೆ ಅದು ಕಾರವಾರವೇ ಆಗಿತ್ತು.

ಊರಿನ ಹೆಂಗಸರು ತಟ್ಟೆ ಹಿಡಿದು ನೀರಿಗೆ ಇಳಿಯುತ್ತಿದ್ದರು. ಹೂ, ಅರಿಶಿನ, ಕುಂಕುಮ ನೀರಿಗೆ ಬಿಟ್ಟು ಕೈ ಮುಗಿಯುತ್ತಿದ್ದರು. ಹೊಸ ನೀರು ಬಂದರೆ ಈ ಕಡೆ ಎಲ್ಲರೂ ಹಾಗೇ. ಬೋರ್‌ವೆಲ್‌ನಲ್ಲಿ ನೀರು ಬಿದ್ದರೂ ಮೊದಲು ಅರಿಶಿನ ಕುಂಕುಮ, ಆಮೇಲೆ ಮೋಟಾರು.

ಅಜ್ಜಿ ಚಪ್ಪಲಿ ಬಿಟ್ಟು, ಮೌನಿಕಳ ಭುಜ ಹಿಡಿದು ಮೆಟ್ಟಿಲು ಇಳಿದಳು. ಪಾದದ ಮೇಲೆ ತಣ್ಣಗೆ ನೀರು ಬಂತು. ಅಜ್ಜಿ ಚೀಲದಿಂದ ಎರಡು ಪೊಟ್ಟಣ ತೆಗೆದಳು. ಮಡಿಸಿ ಮಡಿಸಿ ಕಾಗದದ ಅಂಚು ಸವೆದಿತ್ತು. ಮೌನಿಕಳಿಗೆ ಗುರುತು ಸಿಕ್ಕಿತು. ಕಾರವಾರಕ್ಕೆಂದು ಎತ್ತಿಟ್ಟಿದ್ದ ಪೊಟ್ಟಣಗಳು.

ಓಹೋ, ಅವತ್ತು ತೊಟ್ಟಿಗೆ ಹಾಕಿದ್ದೂ ಇದೇ. ಅಜ್ಜಿ ಇದನ್ನು ಸಮುದ್ರಕ್ಕೆ ಅಂತಲೇ ಇಟ್ಟಿದ್ದಳು. ಸಮುದ್ರ ಮನೆಗೆ ಬಂತು, ಹಾಕಿದಳು.

ಅಜ್ಜಿ ಒಂದು ಚಿಟಿಕೆ ಕುಂಕುಮ ತೆಗೆದು ಕೈ ಮುಂದೆ ಚಾಚಿದಳು. ಚಾಚಿದ ಕೈ ಹಾಗೇ ನಿಂತಿತು. ಬೆರಳು ಬಿಗಿಯಾಯಿತು. ಅವಳು ಪಕ್ಕಕ್ಕೆ ತಿರುಗಿ ಮೊಮ್ಮಗಳ ಮುಖ ನೋಡಿದಳು.

"ಮೌನಿಕಾ... ಇಲ್ಲಿ ಹಾಕಬಹುದೇನಮ್ಮಾ? ಮೀನಿಗೆ ಏನೂ ಆಗಲ್ಲ ತಾನೆ?"

ಹೋಳೂರಿನಲ್ಲಿ ಹುಟ್ಟಿದ ಅಜ್ಜಿ. ಈ ಕೆರೆಯಲ್ಲಿ ಈಜು ಕಲಿತ ಅಜ್ಜಿ. ತನ್ನ ಊರಿನ ಕೆರೆಗೆ ಒಂದು ಚಿಟಿಕೆ ಕುಂಕುಮ ಹಾಕಲು ಅವಳು ಮೌನಿಕಳನ್ನು ಕೇಳುತ್ತಿದ್ದಳು. ಹೆದರುತ್ತ ಕೇಳುತ್ತಿದ್ದಳು. ಮೌನಿಕಳಿಗೆ ನಾಚಿಕೆಯಾಯಿತು, ಅಳುವೂ ಬಂತು.

"ಹಾಕು ಅಜ್ಜಿ," ಎಂದಳು. "ಇದು ಎಷ್ಟೊಂದು ದೊಡ್ಡದು. ಏನೂ ಆಗಲ್ಲ. ನಮ್ಮನೇದು ಚಿಕ್ಕದು ಅಂತ ಹಂಗಾಯ್ತು."

ಕುಂಕುಮ ನೀರಿಗೆ ಬಿತ್ತು. ಒಂದು ಗಳಿಗೆ ಕೆಂಪು ಎಳೆಯಾಗಿ ತೇಲಿ, ಆಮೇಲೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಜ್ಜಿ ಬಾಗಿ, ಬೊಗಸೆ ನೀರು ಎತ್ತಿ, ಅದರ ಜೊತೆ ಮಾತಾಡಿದಳು.

"ಬಂದ್ಯಾ ತಲ್ಲಿ? ಇಲ್ಲೇ ಇರು."

ಮೌನಿಕ ತಲೆ ಎತ್ತಿ ಅಜ್ಜಿಯನ್ನು ನೋಡಿದಳು. ಅದು ತನ್ನ ಮಾತು. ಸ್ಕೂಲಿನಿಂದ ಬಂದಾಗ ಅಜ್ಜಿ ತನಗೆ ಹೇಳುತ್ತಿದ್ದ ಮಾತು. ಆ ಶುಕ್ರವಾರ ತೊಟ್ಟಿಯ ಮುಂದೆ ಕೂತು ಅಜ್ಜಿ ಆ ನೀರಿಗೂ ಇದನ್ನೇ ಹೇಳಿರಬೇಕು. ಮೌನಿಕ ಏನನ್ನೂ ಕೇಳಿಸಿಕೊಳ್ಳದೆ ಕಿರುಚಿದ್ದಳು.

ಅಜ್ಜಿ ಎರಡನೆಯ ಚಿಟಿಕೆ ತೆಗೆಯಲು ಹೋದಾಗ ಮೌನಿಕ ಅವಳ ಕೈ ಹಿಡಿದಳು.

"ಸಾಕು ಅಜ್ಜಿ. ಸ್ವಲ್ಪ ಉಳಿಸು."

"ಯಾಕೆ?"

"ಬೇಕು," ಎಂದಳು ಮೌನಿಕ. ಪೊಟ್ಟಣ ಒದ್ದೆಯಾಗದ ಹಾಗೆ ತಾನೇ ಮಡಿಸಿ ಫ್ರಾಕಿನ ಜೇಬಿಗೆ ಹಾಕಿಕೊಂಡಳು. ಸಾರಿ ಎನ್ನುವುದು ಬಾಯಿಯ ತನಕ ಬಂದು ನಿಂತಿತು. ಅದರ ಬದಲು ಅಜ್ಜಿಯ ಒದ್ದೆ ಸೆರಗನ್ನು ಹಿಡಿದುಕೊಂಡಳು. ಬಸ್ಸಿನಲ್ಲಿ ಊರು ಸೇರುವವರೆಗೂ ಬಿಡಲಿಲ್ಲ.

ನೀರು ಹದವಾಯಿತು ಎಂದು ಅಪ್ಪ ಒಂದು ಭಾನುವಾರ ಹೇಳಿದ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಮರಳಿ ಬಂದ. ಗಾಳಿ ತುಂಬಿ ಉಬ್ಬಿದ ಪ್ಲಾಸ್ಟಿಕ್ ಚೀಲವನ್ನು ಎದೆಗೆ ಅವಚಿಕೊಂಡಿದ್ದ. ಅದರೊಳಗೆ ಮೌನಿಕಳ ಹೆಬ್ಬೆರಳಿನಷ್ಟು ಉದ್ದದ ಮೀನು. ಕಿತ್ತಳೆ ಬಣ್ಣ, ಮೈಮೇಲೆ ಬಿಳಿ ಪಟ್ಟೆ.

"ರೈಲಿನಲ್ಲಿ ಎಲ್ರೂ ಎದ್ದು ಸೀಟ್ ಬಿಟ್ಕೊಟ್ರು," ಎಂದ ಅಪ್ಪ ಹೆಮ್ಮೆಯಿಂದ. "ನಂಗಲ್ಲ, ಇದಕ್ಕೆ."

ಸಿದ್ರಾ ಓಡಿ ಬಂದಳು. ಅಪ್ಪ ಚೀಲವನ್ನು ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟ. ಒಳಗಿನ ನೀರಿಗೂ ಹೊರಗಿನ ನೀರಿಗೂ ಪರಿಚಯವಾಗಲೆಂದು ಲೋಟದಿಂದ ಸ್ವಲ್ಪ ಸ್ವಲ್ಪವೇ ಚೀಲಕ್ಕೆ ತೊಟ್ಟಿಯ ನೀರು ಹುಯ್ದ. ಎಲ್ಲರೂ ಸುತ್ತ ನಿಂತರು. ಅಜ್ಜಿ ಮಾತ್ರ ಅಡುಗೆಮನೆಯ ಬಾಗಿಲಲ್ಲೇ ನಿಂತು ಕತ್ತು ಉದ್ದ ಮಾಡಿ ನೋಡುತ್ತಿದ್ದಳು.

"ಅಪ್ಪಾ, ಇರು. ಈಗಲೇ ಬಿಡಬೇಡ."

ಮೌನಿಕ ಹಿತ್ತಲಿಗೆ ಓಡಿದಳು. ಅಜ್ಜಿಯ ಕುರ್ಚಿಯನ್ನು ದರದರ ಎಳೆದು ತಂದು ತೊಟ್ಟಿಯ ಎದುರು ಹಾಕಿದಳು. ಪೊಟ್ಟಣ ತಂದು, ಅಂಗೈಯಲ್ಲಿ ಕುಂಕುಮ ಹಾಕಿಕೊಂಡು ಎರಡು ಹನಿ ನೀರಿನಲ್ಲಿ ಕಲಸಿದಳು.

ಅಜ್ಜಿ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು, ಚಿಕ್ಕ ಹುಡುಗಿಯ ಹಾಗೆ.

"ಬೇಡಮ್ಮಾ. ಮತ್ತೆ ಕೆಟ್ಟೋಗುತ್ತೆ."

"ಒಳಗೆ ಅಲ್ಲ ಅಜ್ಜಿ. ಬಾ."

ಮೌನಿಕ ಅವಳ ಕೈ ಹಿಡಿದು ಕರೆತಂದಳು. ಉಂಗುರದ ಬೆರಳನ್ನು ಕುಂಕುಮಕ್ಕೆ ಅದ್ದಿದಳು. ಗಾಜಿನ ಹೊರಗೆ, ನೀರಿನ ಮಟ್ಟ ಎಲ್ಲಿತ್ತೋ ಸರಿಯಾಗಿ ಅಲ್ಲಿಗೆ ಆ ಬೆರಳನ್ನು ಒತ್ತಿಸಿದಳು. ಗಾಜಿನ ಹಣೆಗೆ ದುಂಡನೆಯ ಕೆಂಪು ಬೊಟ್ಟು ಬಂತು.

"ದಿನಾ ನೀರು ಆರಿ ಆರಿ ಕೆಳಗಿಳಿಯುತ್ತೆ. ಈ ಬೊಟ್ಟಿನ ತನಕ ತುಂಬ್ಸೋ ಕೆಲಸ ನಿಂದು. ಉಪ್ಪುನೀರು ಹಾಕಬಾರದು, ಗೊತ್ತಾಯ್ತಾ? ನೀರು ಮಾತ್ರ ಆರೋದು, ಉಪ್ಪು ಒಳಗೇ ಇರುತ್ತೆ."

"ಅದನ್ನ ನಂಗೆ ಹೇಳಿಕೊಡ್ತೀಯಾ?" ಅಜ್ಜಿಯ ಹಳೆಯ ದನಿ ಮರಳಿ ಬಂತು. "ಸಾರು ಬತ್ತಿದ್ರೆ ಯಾರಾದ್ರೂ ಇನ್ನಷ್ಟು ಉಪ್ಪು ಹಾಕ್ತಾರೇನೇ?"

ಸಿದ್ರಾ ಕಿಸಕ್ಕೆಂದು ನಕ್ಕಳು. ಅಪ್ಪ ಪುಟ್ಟ ಬಲೆಯಲ್ಲಿ ಮೀನನ್ನು ಎತ್ತಿ ತೊಟ್ಟಿಗೆ ಬಿಟ್ಟ.

ಮೀನು ಸರ್ರನೆ ಹೋಗಿ ಕಲ್ಲಿನ ಹಿಂದೆ ಸೇರಿಕೊಂಡಿತು. ಎಷ್ಟು ಹೊತ್ತಾದರೂ ಬರಲಿಲ್ಲ. "ನಾಚ್ಕೆ ಕಣೇ ಅದಕ್ಕೆ," ಎಂದಳು ಸಿದ್ರಾ. ಅಮ್ಮ ಕಿಟಕಿ ಮುಚ್ಚಿದಳು. ಅಪ್ಪ ನೀಲಿ ದೀಪ ಹಾಕಿದ. ಅಲೆಯ ನೆರಳು ಗೋಡೆ ಹತ್ತಿತು, ಕ್ಯಾಲೆಂಡರ್ ದಾಟಿತು, ಅಜ್ಜಿಯ ಬಿಳಿ ಕೂದಲ ಮೇಲೂ ಹರಿಯಿತು. ದೂರದಲ್ಲಿ ಒಂದು ಹಡಗು ಕೂಗಿತು.

ಆಗ ಕಲ್ಲಿನ ಮಗ್ಗುಲಿಂದ ಕಿತ್ತಳೆ ಮೂತಿ ಹೊರಗೆ ಬಂತು. ಮೀನು ಸುತ್ತ ನೋಡಿತು. ಮೈ ಕುಲುಕಿಸುತ್ತ ಮೇಲೆ ಬಂತು, ಇನ್ನೂ ಮೇಲೆ ಬಂತು. ಕೆಂಪು ಬೊಟ್ಟಿನ ಎದುರು ನಿಂತು, ಗಾಜಿಗೆ ಮೂತಿ ತಾಗಿಸಿ ಅದನ್ನೇ ನೋಡತೊಡಗಿತು.

ಅಜ್ಜಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಮೌನಿಕ ಅಜ್ಜಿಯ ಮಂಡಿಗೆ ಒರಗಿ, ಗಾಜಿನ ಹತ್ತಿರ ಮುಖ ತಂದು ಮೆಲ್ಲಗೆ ಹೇಳಿದಳು.

"ಬಂದ್ಯಾ ತಲ್ಲಿ?"

ಅವಳ ತಲೆಯ ಮೇಲೆ ಅಜ್ಜಿಯ ಕೈ ಬಂತು.

"ಬಂದ್ಳು," ಎಂದಳು ಅಜ್ಜಿ.